ಟ್ಯೂಬಿಂಗನ್‌ನ ಒಂದು ಸೆಮಿಸ್ಟರು, ಒಂದು ಮುರಿದ ಕೈ, ಹತ್ತಾರು ಜನ

ಮಾರ್ಕ್ಸ್‌ಕಾರ್ಡ್ ಕಳೆದ ವಾರ ಮೇಲ್‌ನಲ್ಲಿ ಬಂತು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ನಾನು ಓದಿದ ಚಳಿಗಾಲದ ಸೆಮಿಸ್ಟರು ಕಾಗದದ ಮೇಲೂ ಮುಗಿಯಿತು. ಎಲ್ಲ ಪೇಪರೂ ಪಾಸು. ಅಲ್ಲಿ 1 ಬಂದರೆ ಎಲ್ಲಕ್ಕಿಂತ ಒಳ್ಳೆಯದು, 5 ಬಂದರೆ ಫೇಲು. ಇದನ್ನು ಅಪ್ಪನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. "ಒಂದು ಪಾಯಿಂಟ್ ಏಳು ಅಂದ್ರ ಎಷ್ಟಕ್ಕ ಒಂದು ಪಾಯಿಂಟ್ ಏಳು?" ಅಂತ ಮತ್ತೆ ಮತ್ತೆ ಕೇಳಿದ. ಕೊನೆಗೆ ಅವ್ವನೇ, "ಪಾಸ್ ಆಗ್ಯಾಳಂತ, ಸಾಕ್ ಬಿಡ್ರಿ" ಅಂದು ಮುಗಿಸಿದಳು.

ಆವತ್ತಿನಿಂದ ಅಭಿನಂದನೆ ಹೇಳುವವರ ಫೋನು ನಿಂತಿಲ್ಲ. ಖುಷಿಯೇ. ಆದರೆ ಅದರಲ್ಲಿ ಮುಕ್ಕಾಲು ಪಾಲು ಬೇರೆಯವರಿಗೆ ಸೇರಬೇಕಾದದ್ದು. ಅವರಿಗೆಲ್ಲ ಎದುರಿಗೋ ಫೋನಿನಲ್ಲೋ ಹೇಳಿದ್ದೇನೆ. ಆದರೂ ನಾಲ್ಕು ಜನರ ಮುಂದೆ ಹೇಳುವುದು ಬೇರೆ ಅಲ್ವಾ? ಹೆಸರು ಮಾತ್ರ ಹಾಕುತ್ತಿಲ್ಲ. ಹೆಚ್ಚಿನವರು ಹೆಸರು ಹಾಕಿದರೆ ಬೈಯುವ ಪೈಕಿ.

ಮೊದಲು ದುಡ್ಡಿನ ಮಾತು, ಯಾಕೆಂದರೆ ಎಲ್ಲ ಶುರುವಾಗಿದ್ದೇ ಅಲ್ಲಿಂದ. ವಿನಿಮಯ ವಿದ್ಯಾರ್ಥಿಯಾಗಿ ಹೋಗಿದ್ದರಿಂದ ನನಗೆ ಫೀಸು ಇರಲಿಲ್ಲ. ಇಲ್ಲದಿದ್ದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಆದರೆ ವೀಸಾ ಬೇಕೆಂದರೆ ತಿಂಗಳಿಗೆ 992 ಯೂರೋ ಖರ್ಚಿಗೆ ಇದೆ ಎಂದು ತೋರಿಸಬೇಕಿತ್ತು. ನನಗೆ ಸಿಕ್ಕ ಸ್ಕಾಲರ್‌ಶಿಪ್ ಅಷ್ಟು ಮುಟ್ಟುತ್ತಿರಲಿಲ್ಲ. ಉಳಿದದ್ದನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ತುಂಬಿಡಬೇಕು. ನಮ್ಮದೇ ದುಡ್ಡು, ತಿಂಗಳಿಗೆ ಇಷ್ಟೇ ಅಂತ ನಮಗೇ ಬಿಡುತ್ತಾರೆ. ಅಪ್ಪ ಪಿಎಫ್‌ನಿಂದ ಸಾಲ ತೆಗೆದ. ಅದೂ ಸಾಲಲಿಲ್ಲ. ಅವ್ವನ ಸಂಘದವರು ತಮ್ಮ ವಾರದ ಮೀಟಿಂಗಿನಲ್ಲಿ ನನ್ನ ವಿಷಯ ಎತ್ತಿದರು. ಆ ಸಲ ಸಾಲದ ಸರದಿ ಬೇರೊಬ್ಬ ಕಾಕುವಿನದು. ಮನೆಗೆ ಶೀಟು ಹಾಕಿಸಬೇಕು ಅಂತ ಕಾಯುತ್ತಿದ್ದವರು. "ಮಳೆಗಾಲ ಇನ್ನೂ ದೂರ ಐತಿ, ಹುಡುಗಿ ಹೋಗಿ ಬರ್ಲಿ" ಅಂತ ಸರದಿ ಬಿಟ್ಟುಕೊಟ್ಟರು. ಅವರಿಗೆ ಜರ್ಮನಿ ಎಲ್ಲಿದೆ ಅಂತ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದೂ ಇರಲಿಲ್ಲ. ಕಾಕು, ನಿಮ್ಮ ಶೀಟಿನ ಋಣ ನನ್ನ ಮೇಲಿದೆ. ಈ ಮಳೆಗಾಲದ ಒಳಗೆ ಕಂತು ಮುಗಿಸುತ್ತೇನೆ.

ಧಾರವಾಡದ ನಮ್ಮ ಸರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅರ್ಜಿ ಹಾಕು ಅಂತ ಬೆನ್ನು ಬಿದ್ದವರು ಅವರು. ಶಿಫಾರಸು ಪತ್ರ ಬರೆದುಕೊಟ್ಟರು. ನನ್ನ ಅರ್ಜಿಯ ಪ್ರಬಂಧವನ್ನು ಕೆಂಪು ಪೆನ್ನಿನಲ್ಲಿ ಗೀಚಿ ಗೀಚಿ ವಾಪಸ್ ಕೊಟ್ಟರು. ಕೊನೆಗೆ ಗೀಚದೆ ಕೊಟ್ಟಾಗ ನನಗೆ ಹೆದರಿಕೆಯೇ ಆಯಿತು. ಕಾಲೇಜಿನ ಆಫೀಸಿನ ಅಣ್ಣ ಶನಿವಾರ ಮಧ್ಯಾಹ್ನ ಊಟಕ್ಕೂ ಹೋಗದೆ ಕೂತು ಎಲ್ಲ ಪ್ರತಿಗಳಿಗೂ ಸೀಲು ಒತ್ತಿಕೊಟ್ಟರು. ಅರ್ಜಿ ತುಂಬಿಸಿಕೊಡುತ್ತೇನೆ ಅಂತ ದೊಡ್ಡ ಮೊತ್ತ ಕೇಳಿದ ಏಜೆಂಟರೊಬ್ಬರಿದ್ದರು. ಅವರಿಗೆ ಮಾತ್ರ ಈ ಬರಹದಲ್ಲಿ ಜಾಗ ಇಲ್ಲ.

ಇನ್ನು ಟ್ಯೂಬಿಂಗನ್. ಊರು ಸಣ್ಣದು. ಸುಮಾರು 90 ಸಾವಿರ ಜನ, ಅದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ವಿದ್ಯಾರ್ಥಿಗಳು. ನೆಕ್ಕರ್ ಹೊಳೆಯ ದಂಡೆ, ಮೇಲೆ ಕೋಟೆ, ನಡುವೆ ಕಲ್ಲು ಹಾಸಿದ ಏರು ಓಣಿಗಳು. ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರಾದ ದೊರೆ 1477ರಲ್ಲಿ ಈ ವಿಶ್ವವಿದ್ಯಾಲಯ ಕಟ್ಟಿಸಿದ. ನಮ್ಮಲ್ಲಿ ವಿಜಯನಗರ ಇನ್ನೂ ನಡೆಯುತ್ತಿದ್ದ ಕಾಲ. ಆಗ ಕಟ್ಟಿದ ಬುರ್ಸೆ ಎಂಬ ಕಟ್ಟಡದಲ್ಲಿ ಈಗಲೂ ಪಾಠ ನಡೆಯುತ್ತದೆ. ಪಕ್ಕದ ಸ್ಟಿಫ್ಟ್ ಅನ್ನುವ ಪಾದ್ರಿಗಳ ವಿದ್ಯಾಲಯದಲ್ಲಿ ಖಗೋಳವಿಜ್ಞಾನಿ ಕೆಪ್ಲರ್ ಓದಿದ್ದ. ಮುಂದೆ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿಯಾದ ಹೋಲ್ಡರ್ಲಿನ್ ಮೂವರೂ ಅಲ್ಲೇ ಒಂದೇ ಕೋಣೆಯಲ್ಲಿ ಇದ್ದರಂತೆ. ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಾಲಯ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಯುವಕ, ಈಗ ನಾವು ಡಿಎನ್ಎ ಅನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಅಲ್ಲೇ. ಅದಕ್ಕೆ ಬಳಸಿದ್ದು ಆಸ್ಪತ್ರೆಯ ಬ್ಯಾಂಡೇಜಿನಲ್ಲಿದ್ದ ಕೀವು. ನನ್ನ ಮಹಡಿಯಲ್ಲಿದ್ದ ಜೀವಶಾಸ್ತ್ರದ ಹುಡುಗಿ ಇದನ್ನು ಊಟದ ಹೊತ್ತಿಗೇ ಹೇಳಿದಳು. ಅವಳಿಗೂ ಥ್ಯಾಂಕ್ಸ್, ಏನು ಮಾಡೋದು.

ಇಷ್ಟು ಹಳೆಯ ಜಾಗಕ್ಕೆ ಹೋದರೆ ಬೀಗರ ಹಾಗೆ ನಡೆದುಕೊಳ್ಳಬೇಕೇನೋ ಅಂದುಕೊಂಡಿದ್ದೆ. ಮುಟ್ಟಬಾರದು, ಜೋರಾಗಿ ಮಾತಾಡಬಾರದು, ಕೊಟ್ಟದ್ದು ತಿಂದು ನೋಡಿಕೊಂಡು ಬರಬೇಕು. ಹಾಗೆ ಆಗಲಿಲ್ಲ. ನನ್ನನ್ನು ಬೀಗರ ಹಾಗೆ ಕೂರಿಸದೆ ಕೆಲಸ ಹಚ್ಚಿದವರಿಗೇ ನಾನು ಜಾಸ್ತಿ ಋಣಿ.

ಅದರಲ್ಲಿ ಮೊದಲನೆಯವರು ಹಾಸ್ಟೆಲಿನ ನನ್ನ ಮಹಡಿಯ ಹುಡುಗ ಹುಡುಗಿಯರು. ಊರಿನ ಮೇಲ್ಭಾಗದಲ್ಲಿ ವಾಲ್ಡ್‌ಹಾಯ್ಸರ್ ಓಸ್ಟ್ ಅಂತ ಒಂದು ಬಡಾವಣೆ. ಎತ್ತರದ ಹಾಸ್ಟೆಲ್ ಕಟ್ಟಡಗಳು, ಆಚೆ ಕಾಡು. ಒಂದು ಮಹಡಿಗೆ ಒಂದೇ ಅಡುಗೆಮನೆ. ನಾನು ಸೂಟ್‌ಕೇಸ್ ಎಳೆದುಕೊಂಡು ಒಳಗೆ ಬಂದ ಸಂಜೆಯೇ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ ನನ್ನ ಹೆಸರು ಇತ್ತು. ಸ್ವಾಗತ ಅಂತ ಅಲ್ಲ, ಪಾಳಿಯ ಪಟ್ಟಿ. ಯಾವ ವಾರ ಯಾರು ನೆಲ ಒರೆಸಬೇಕು, ಯಾರು ಒಲೆ ತಿಕ್ಕಬೇಕು, ಯಾರು ಕಸ ಇಳಿಸಬೇಕು. ಬಂದ ವಾರವೇ ನನಗೆ ನೆಲ. ಮೊದಲು ಸಿಟ್ಟು ಬಂತು, ನಿಜ ಹೇಳುತ್ತೇನೆ. ಒರೆಸಿ ಮುಗಿಸಿದ ಮೇಲೆ ಒಬ್ಬ ಹುಡುಗ ಬಂದು ಸಿಂಕಿನ ಕೆಳಗೆ ಬಗ್ಗಿ ನೋಡಿ, "ಇಲ್ಲೂ" ಅಂತ ಬೆರಳು ತೋರಿಸಿದ. ಆಮೇಲೆ ತಾನು ಬೇಯಿಸಿದ ನೂಡಲ್ಸ್ ನನ್ನ ತಟ್ಟೆಗೂ ಹಾಕಿದ. ಅವತ್ತಿನಿಂದ ನಾನು ಆ ಮಹಡಿಯವಳೇ.

ಆ ಪ್ರದೇಶದ ಜನರಿಗೆ ಶ್ವಾಬಿಗಳು ಅಂತಾರೆ. ಬೈಯಲಿಲ್ಲ ಅಂದರೆ ಹೊಗಳಿದ ಹಾಗೆಯೇ ಅನ್ನುವ ಮಾತು ಅವರಲ್ಲಿ ಇದೆ. ನಮ್ಮ ಸರ್ ಕೈಯಲ್ಲಿ ಕಲಿತವಳಿಗೆ ಇದು ಹೊಸದೇನಲ್ಲ.

ಎರಡನೆಯವರು ನಮ್ಮ ಟ್ಯೂಬಿಂಗನ್ ಅಜ್ಜಿ. ಮನೆಗೆ ಫೋನ್ ಮಾಡಿದಾಗ ನಾನು ಹಾಗೇ ಕರೆಯುವುದು. ಎದುರಿಗೆ ಮಾತ್ರ ಫ್ರಾವ್, ಅಂದರೆ ಶ್ರೀಮತಿ, ಅಂತ ಸೇರಿಸಿ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದೆ. ಕೊನೆಯವರೆಗೂ ಅದು ಬದಲಾಗಲಿಲ್ಲ, ಅವರೂ ಬದಲಾಯಿಸು ಅನ್ನಲಿಲ್ಲ. ರಿಟೈರ್ ಆದ ಶಾಲಾ ಟೀಚರು. ಜರ್ಮನ್ ಮಾತಾಡಿ ರೂಢಿಯಾಗಲಿ ಅಂತ ಹೊರಗಿನ ವಿದ್ಯಾರ್ಥಿಗಳಿಗೆ ಊರಿನವರನ್ನು ಜೊತೆ ಮಾಡಿಕೊಡುತ್ತಾರೆ, ಹಾಗೆ ಸಿಕ್ಕವರು. ನಾನು ನಮ್ಮ ಕಡೆ ಬಂದಿದ್ದ ಜರ್ಮನ್ ಪಾದ್ರಿಗಳ ಹಳೆಯ ಮಿಷನ್ ಕಾಗದ ಓದಬೇಕು, ಆ ಕೈಬರಹ ಒಂದಕ್ಷರ ತಿಳಿಯುತ್ತಿಲ್ಲ ಅಂತ ಮೊದಲ ಭೇಟಿಯಲ್ಲೇ ಹೇಳಿದ್ದೆ. ಮುಂದಿನ ಸಲ ಅವರು ಒಂದು ಬಿಸ್ಕತ್ತಿನ ಡಬ್ಬ ತಂದು ಮೇಜಿನ ಮೇಲಿಟ್ಟರು. ಒಳಗೆ ಅವರ ಅಜ್ಜಿ ಬರೆದ ಪತ್ರಗಳು.

ಕುರೆಂಟ್ ಅಂತ ಆ ಬರಹದ ಹೆಸರು. ಎಲ್ಲ ಅಕ್ಷರವೂ ಗರಗಸದ ಹಲ್ಲು ಕಂಡಂತೆ ಕಾಣುತ್ತದೆ. ಅದರಲ್ಲಿ ‘ಇ’ ಅನ್ನುವುದು ನಮ್ಮ ಕಣ್ಣಿಗೆ ‘ಎನ್’ ಥರ ಇರುತ್ತದೆ. ‘ಯು’ ಯಾವುದು ‘ಎನ್’ ಯಾವುದು ಅಂತ ಗೊತ್ತಾಗಲಿ ಅಂತ ‘ಯು’ ಮೇಲೆ ಒಂದು ಸಣ್ಣ ಕೊಂಕು ಹಾಕುತ್ತಾರೆ. ಅವಸರದಲ್ಲಿ ಬರೆದವರು ಆ ಕೊಂಕನ್ನೂ ಬಿಟ್ಟಿರುತ್ತಾರೆ. ಟ್ಯೂಬಿಂಗನ್ ಅಜ್ಜಿ ಪೆನ್ಸಿಲ್ ತುದಿಯನ್ನು ಸಾಲಿನ ಮೇಲೆ ಗಾಳಿಯಲ್ಲಿ ಆಡಿಸುತ್ತ, ಕಾಗದಕ್ಕೆ ತಾಗಿಸದೆ, ಒಂದೊಂದೇ ಅಕ್ಷರ ಓದಿಸಿದರು. ಪತ್ರದಲ್ಲಿ ದೊಡ್ಡ ವಿಷಯವೇನೂ ಇಲ್ಲ. ಆಲೂಗಡ್ಡೆ ಫಸಲು, ಯಾರದೋ ಮದುವೆ, ತಂಗಿಯ ಮೇಲೆ ದೂರು. ತಂಗಿಯನ್ನು ಬೈದ ಸಾಲು ನಾನೇ ಸ್ವಂತವಾಗಿ ಓದಿದಾಗ ಅವರಿಗೆ ನಗು ತಡೆಯಲಿಲ್ಲ. ಯಾರಿಗೂ ತೋರಿಸದ ಮನೆಯ ಕಾಗದವನ್ನು ಪಾಠದ ಪುಸ್ತಕ ಮಾಡಿ ಕೊಟ್ಟರು. ಚಳಿಗಾಲ ಮುಗಿಯುವ ಹೊತ್ತಿಗೆ ಮೋಗ್ಲಿಂಗ್ ಕಾಲದ ಕಾಗದವನ್ನು ತಡವರಿಸುತ್ತಾದರೂ ಓದುವಂತಾಗಿದ್ದೆ. ಯಾವ ಕೋರ್ಸಿನಲ್ಲೂ ಅಷ್ಟು ಬೇಗ ಕಲಿಯುತ್ತಿರಲಿಲ್ಲ.

ಮೋಗ್ಲಿಂಗ್ ಹೆಸರು ಬಂತಲ್ಲ, ನಾನು ಅಷ್ಟು ದೂರ ಹೋದದ್ದೇ ಅದಕ್ಕೆ. ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆ ಸೇರಿ, ಮಂಗಳೂರಿಗೆ ಬಂದವನು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದ. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಮಾಡುತ್ತೇವೆ. ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತ ಎಲ್ಲ ಸೇರಿಸಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ ಅಚ್ಚು ಹಾಕಿಸಿದ. ಇದೇ ಕನ್ನಡದ ಕೆಲಸಕ್ಕೆ ಟ್ಯೂಬಿಂಗನ್ 1858ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮುಂದೆ ನಿಘಂಟಿನ ಕಿಟೆಲ್‌ಗೂ ಇಲ್ಲೇ ಗೌರವ ಡಾಕ್ಟರೇಟ್ ಸಿಕ್ಕಿತು. ಕೊನೆಗಾಲದಲ್ಲಿ ಕಿಟೆಲ್ ಇದ್ದದ್ದು, 1903ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ. ಧಾರವಾಡದವರಿಗೆ ಕಿಟೆಲ್ ಅಂದರೆ ಮೊದಲು ಕಾಲೇಜು ನೆನಪಾಗುತ್ತದೆ, ಮನುಷ್ಯ ಆಮೇಲೆ. ಆ ಮನುಷ್ಯ ಓಡಾಡಿದ ಏರಿನಲ್ಲಿ ನಾನೂ ಏದುಸಿರು ಬಿಡುತ್ತ ಹತ್ತಿದೆ ಅನ್ನುವುದು ಸುಮ್ನೆ ಒಂದು ಖುಷಿ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೋಗ್ಲಿಂಗ್‌ನ ಗೆಳೆಯ ಹರ್ಮನ್ ಗುಂಡರ್ಟ್‌ನ ಸಂಗ್ರಹವಿದೆ. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್. ಸಂಗ್ರಹದಲ್ಲಿ ಹೆಚ್ಚಿನದು ಮಲಯಾಳಂ, ಜೊತೆಗೆ ಕನ್ನಡ, ತುಳು ಕೂಡ ಇದೆ. ತುಂಬಾ ಭಾಗವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಧಾರವಾಡದಲ್ಲಿ ಕೂತೇ ಓದಬಹುದು. ಆದರೆ ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿಯುವುದೇ ಬೇರೆ. ಗ್ರಂಥಾಲಯದ, 1912ರಲ್ಲಿ ಕಟ್ಟಿದ ಬೋನಾಟ್ಸ್ ಕಟ್ಟಡದ ಓದುವ ಕೋಣೆಯಲ್ಲಿ ಕಲ್ಲಚ್ಚಿನ ಒಂದು ಕನ್ನಡ ಪುಸ್ತಕ ತರಿಸಿಕೊಂಡೆ. ಕಲ್ಲಚ್ಚು ಅಂದರೆ ಅಚ್ಚಿನ ಮೊಳೆ ಜೋಡಿಸುವುದಲ್ಲ. ಯಾರೋ ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಅದರಿಂದ ಪ್ರತಿ ತೆಗೆಯುವುದು. ಹಾಗಾಗಿ ಅಕ್ಷರ ಒಂದೇ ಥರ ಇರುವುದಿಲ್ಲ. ಪುಟದ ಮೇಲ್ಗಡೆ ದುಂಡಗೆ ಶುರುವಾದ ‘ತ’ ಕೆಳಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರಗಳು ಒತ್ತೊತ್ತಾಗಿ ಕೂತಿರುತ್ತವೆ. ಬರೆದವರ ಕೈ ದಣಿದದ್ದು ಕಾಣುತ್ತದೆ. ಅವರ ಹೆಸರು ಎಲ್ಲೂ ಇರಲಿಲ್ಲ. ನನ್ನ ಸೆಮಿಸ್ಟರ್ ಪ್ರಬಂಧ ಕೊನೆಗೆ ಮೋಗ್ಲಿಂಗ್‌ನನ್ನು ಬಿಟ್ಟು ಆ ಬರಹಗಾರರ ಹಿಂದೆ ಹೋಯಿತು. ಹಾಗೆ ಹೋಗಲು ಬಿಟ್ಟ ಪ್ರೊಫೆಸರರಿಗೆ ನಮಸ್ಕಾರ.

ಜನವರಿಯಲ್ಲಿ ಕೈ ಮುರಿಯಿತು. ರಾತ್ರಿ ಮಳೆ ಬಿದ್ದು ಬೆಳಿಗ್ಗೆ ಕಲ್ಲಿನ ಮೇಲೆ ಗಾಜಿನ ಹಾಳೆಯಂಥ ಮಂಜು ಕಟ್ಟಿತ್ತು. ಹಳೆ ಊರಿನ ಇಳಿಜಾರಿನಲ್ಲಿ ಕಾಲು ಜಾರಿ ಬಲಗೈ ಊರಿ ಬಿದ್ದೆ. ಮಣಿಕಟ್ಟು. ಬ್ರೆಡ್ಡಿನ ಅಂಗಡಿಯಿಂದ ಹೊರಗೆ ಬಂದ ಒಬ್ಬರು ತಮ್ಮ ಮಫ್ಲರ್ ಬಿಚ್ಚಿ ನನ್ನ ಕೈಗೆ ಜೋಳಿಗೆ ಕಟ್ಟಿ, ಬಸ್ಸು ಹತ್ತಿಸಿ, ಡ್ರೈವರ್‌ಗೆ ಏನೋ ಹೇಳಿ ಹೋದರು. ಬಸ್ಸು ಆಸ್ಪತ್ರೆಯ ಸ್ಟಾಪಿನಲ್ಲಿ ನಾನು ನಿಧಾನ ಇಳಿಯುವವರೆಗೆ ನಿಂತಿತು. ಮಫ್ಲರ್ ನನ್ನ ಹತ್ತಿರವೇ ಉಳಿದಿದೆ. ಅವರು ಯಾರು ಅಂತ ಆಮೇಲೆ ಅಂಗಡಿಯಲ್ಲಿ ಕೇಳಿದೆ, ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ವಿಮೆ ಕಾರ್ಡು ತೋರಿಸಿದೆ. ಎಕ್ಸ್‌ರೇ, ಪ್ಲಾಸ್ಟರು ಎಲ್ಲ ಆಯಿತು, ಒಂದು ಪೈಸೆ ಕೇಳಲಿಲ್ಲ. ವಿಮೆಗೆ ತಿಂಗಳು ತಿಂಗಳು ಯಾಕೆ ಇಷ್ಟು ಸುರಿಯುತ್ತೀ ಅಂತ ಬೈಯುತ್ತಿದ್ದ ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ.

ಅವ್ವನಿಗೆ ಹೇಳಿದಾಗ ಅವಳ ಮೊದಲ ಪ್ರಶ್ನೆ, "ಯಾವ ಕೈ?" ಬಲಗೈ ಅಂದೆ. "ಮತ್ತ ಊಟಾ ಹೆಂಗ ಮಾಡ್ತಿಯವಾ?" ಎಡಗೈಯಲ್ಲಿ ಚಮಚ ಹಿಡಿದು ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಎಲುಬು ಮುರಿದದ್ದಕ್ಕಿಂತ ಎಡಗೈ ಊಟವೇ ಅವಳಿಗೆ ದೊಡ್ಡ ಸಂಕಟ ಆಗಿತ್ತು.

ಆ ವಾರ ನನ್ನ ಪಾಳಿ ಒಲೆ ತಿಕ್ಕುವುದು. ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. ಒಲೆ ಹೊಡೆದು ಹಾಕಿ ಅದೇ ಸಾಲಿನಲ್ಲಿ ‘ಕಸ, ಕಾಗದ ಮಾತ್ರ’ ಅಂತ ಬರೆದಿದ್ದರು. ಅಲ್ಲಿ ಕಸ ವಿಂಗಡಿಸುವುದು ಒಂದು ಶಾಸ್ತ್ರ. ಕಾಗದ ಬೇರೆ, ಹಸಿ ಕಸ ಬೇರೆ, ಪ್ಯಾಕಿಂಗ್ ಬೇರೆ, ಗಾಜು ಬೇರೆ, ಗಾಜಿನಲ್ಲೂ ಬಣ್ಣ ಬೇರೆ. ಕಾಗದ ಹಗುರ, ಒಂದೇ ಕೈಯಲ್ಲಿ ಒಯ್ಯಬಹುದು. ಯಾರು ಯೋಚಿಸಿ ಬರೆದರೋ ಗೊತ್ತಿಲ್ಲ, ಕೇಳಿದರೆ ಎಲ್ಲರೂ ಬೇರೆಯವರ ಹೆಸರು ಹೇಳಿದರು. ನನಗೆ ಆ ಒಂದು ಸಾಲಿನಷ್ಟು ಧೈರ್ಯ ಯಾರ ಸಮಾಧಾನದ ಮಾತೂ ಕೊಡಲಿಲ್ಲ. ಸಿಂಕಿನ ಕೆಳಗೆ ಬೆರಳು ತೋರಿಸಿದ ಆ ಹುಡುಗನೇ ಪ್ಲಾಸ್ಟರ್ ತೆಗೆಯುವವರೆಗೂ ನನ್ನ ಈರುಳ್ಳಿ ಹೆಚ್ಚಿಕೊಟ್ಟ. ಒಗ್ಗರಣೆಗೆ ಸಾಸಿವೆ ಸಿಡಿಯುವಾಗ ಮಾತ್ರ ಬಾಗಿಲ ಹೊರಗೆ ನಿಲ್ಲುತ್ತಿದ್ದ.

ಓದುವ ಕೋಣೆಯ ಮೇಡಂಗೂ ಇಲ್ಲೇ ಹೇಳಬೇಕು. ಪ್ಲಾಸ್ಟರ್ ಕೈಯಲ್ಲಿ ಹೋದಾಗ ಅವರು ಕೈ ನೋಡಿದರು, ಏನೂ ಕೇಳಲಿಲ್ಲ. ಒಳಗೆ ಹೋಗಿ ಸ್ಪಂಜಿನ ದಿಂಬು ಎರಡು ತಂದು ಪುಸ್ತಕವನ್ನು ಅದರ ಮೇಲೆ ಅರ್ಧ ತೆರೆದು ಕೂರಿಸಿದರು. ಬಟ್ಟೆ ಹೊದಿಸಿದ ಸೀಸದ ಮಣಿಯ ಸರ ತಂದು ಪುಟದ ಅಂಚಿಗೆ ಹಾಕಿದರು. ಪುಟ ಮಗುಚುವುದಿಲ್ಲ, ಕೈಯಿಂದ ಒತ್ತುವುದೂ ಬೇಡ. ಎಡಗೈ ಬರೀ ಪುಟ ತಿರುಗಿಸುವುದಕ್ಕೆ. ನೋಟ್ಸ್ ಹೇಗೆ ಮಾಡಲಿ ಅಂತ ಯೋಚಿಸುತ್ತಿದ್ದರೆ, ಫೋಟೊ ತೆಗೆಯಲು ತುಂಬಬೇಕಾದ ಫಾರಂ ತಂದು ಮುಂದಿಟ್ಟರು. ಎಡಗೈಯಲ್ಲಿ ಮಾಡಿದ ಸಹಿ ನೋಡಿ ಅವರಿಗೂ ನಗು ಬಂತು, ನನಗೂ ಬಂತು.

ಕ್ಲಾಸಿನವರು ನೋಟ್ಸ್ ಕೊಟ್ಟರು, ಕೇಳದೆಯೇ. ನನ್ನ ಸೆಮಿನಾರ್ ಭಾಷಣ ಇದ್ದದ್ದು ಅದೇ ತಿಂಗಳು. ಅಲ್ಲಿ ಹತ್ತು ಗಂಟೆ ಕ್ಲಾಸ್ ಅಂದರೆ ಹತ್ತೂಕಾಲಿಗೆ ಶುರು. ಹಳೆಯ ಕಾಲದಿಂದ ಬಂದ ಪದ್ಧತಿ, ‘ಅಕಾಡೆಮಿಕ್ ಕಾಲುಗಂಟೆ’ ಅಂತ ಅದಕ್ಕೆ ಹೆಸರು. ನಮ್ಮಲ್ಲೂ ಪದ್ಧತಿ ಅದೇ, ಹೆಸರು ಮಾತ್ರ ಇಟ್ಟಿಲ್ಲ. ಆ ಹದಿನೈದು ನಿಮಿಷ ಒಬ್ಬಳು ನನ್ನ ಲ್ಯಾಪ್‌ಟಾಪ್ ಜೋಡಿಸಿ, ಸ್ಲೈಡ್ ತಾನೇ ಒತ್ತುತ್ತೇನೆ ಅಂತ ಪಕ್ಕ ಕೂತಳು. ನನ್ನ ಜರ್ಮನ್ ಅರ್ಧ ದಾರಿಗೆ ಕೈಕೊಟ್ಟಿತು, ಇಂಗ್ಲಿಷ್‌ಗೆ ಹೊರಳಿದೆ. ಯಾರೂ ಮುಖ ಗಂಟು ಹಾಕಲಿಲ್ಲ. ಮುಗಿದ ಮೇಲೆ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು. ಅಲ್ಲಿ ಚಪ್ಪಾಳೆ ಇಲ್ಲ, ಹೀಗೇ. ನಾನೂ ಸುಮ್ನೆ ಇರಲಾರದೆ ಪ್ಲಾಸ್ಟರಿನಿಂದ ಒಂದು ಸಲ ಕುಟ್ಟಿದೆ. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ನನ್ನದೇ.

ಸ್ಟುಟ್‌ಗಾರ್ಟ್‌ನ ಅಕ್ಕ ಮತ್ತು ಭಾವ, ನಿಮ್ಮನ್ನು ಮರೆತರೆ ಉಂಟೇ. ನವೆಂಬರ್ 1 ಆ ರಾಜ್ಯದಲ್ಲೂ ರಜೆ. ಅವರಿಗೆ ಅದು ಸಂತರ ಹಬ್ಬ, ನಮಗೆ ರಾಜ್ಯೋತ್ಸವ. ಅವತ್ತು ಪರಿಚಯವಾದವರು ಸಂಕ್ರಮಣಕ್ಕೆ ರೈಲು ಹತ್ತಿ ಬಂದರು. ಜೊತೆಗೆ ಕುಸುರೆಳ್ಳು, ಶೇಂಗಾ ಹಿಂಡಿ, ಕಟಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎಡಗೈಯಲ್ಲಿ ಕಟಕ್ ರೊಟ್ಟಿ ಮುರಿಯುವ ನನ್ನ ಕಷ್ಟ ನೋಡಿ ಭಾವ ಪುಡಿ ಮಾಡಿ ಮೊಸರಲ್ಲಿ ಕಲಸಿಕೊಟ್ಟರು. ಮಹಡಿಯವರೆಲ್ಲ ಬಂದು ಕೂತರು. ಶೇಂಗಾ ಹಿಂಡಿಯ ಡಬ್ಬ ಅದೇ ರಾತ್ರಿ ಖಾಲಿ. ಡಬ್ಬ ವಾಪಸ್ ಕೊಡುವುದು ಬಾಕಿ ಇದೆ ಅಕ್ಕಾ, ನೆನಪಿದೆ.

ಮೆನ್ಸಾ ಅಂತ ವಿದ್ಯಾರ್ಥಿಗಳ ಊಟದ ಮನೆ ಇದೆ. ಅಲ್ಲಿ ಬಡಿಸುವ ಒಬ್ಬರು ನನ್ನನ್ನು ಕಂಡ ಕೂಡಲೇ ಬೇಳೆ ಮತ್ತು ಶ್ಪೆಟ್ಸ್‌ಲೆ ಅನ್ನುವ ಅಲ್ಲಿಯ ನೂಡಲ್ಸ್ ಹಾಕಿ, ಸಾಸೇಜ್ ಬಿಟ್ಟು, ಆ ಜಾಗಕ್ಕೆ ಇನ್ನೊಂದು ಸೌಟು ಬೇಳೆ ಹಾಕುತ್ತಿದ್ದರು. ಅವರ ಜೊತೆ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು.

ಈಗ ಮಣಿಕಟ್ಟು ಸರಿಯಾಗಿದೆ. ಧಾರವಾಡದಲ್ಲಿ ಕೈ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ರೊಟ್ಟಿ ಬಡಿ, ಅದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ ಅಂದಿದ್ದಾರೆ. ಅವ್ವನಿಗೆ ಇದಕ್ಕಿಂತ ಒಳ್ಳೆಯ ಔಷಧಿ ಚೀಟಿ ಯಾರೂ ಬರೆದುಕೊಟ್ಟಿಲ್ಲ.

ನಮ್ಮ ಕಡೆಯಿಂದ ಯಾರಾದರೂ ಅಲ್ಲಿಗೆ ಹೊರಟಿದ್ದರೆ ನನಗೆ ತಿಳಿಸಿ. ಅರ್ಜಿ, ವೀಸಾ, ಬ್ಲಾಕ್ಡ್ ಅಕೌಂಟ್, ಏನಿದ್ದರೂ ಕೂತು ತುಂಬಿಸೋಣ, ದುಡ್ಡು ಬೇಡ. ಕುರೆಂಟ್ ಓದಲು ಕಲಿಯಬೇಕು ಅಂದರೆ ಟ್ಯೂಬಿಂಗನ್ ಅಜ್ಜಿಯ ಪರಿಚಯ ಮಾಡಿಕೊಡುತ್ತೇನೆ, ಆದರೆ ಹೊತ್ತಿಗೆ ಸರಿಯಾಗಿ ಹೋಗಬೇಕು. ನನ್ನ ಚಳಿಗಾಲದ ಜಾಕೆಟ್ಟು, ಕುಕ್ಕರ್, ಒಗ್ಗರಣೆ ಸೌಟು ಎಲ್ಲ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಒಂದು ಡಬ್ಬದಲ್ಲಿಟ್ಟು, ಮಹಡಿಯವರಿಗೆ ಹೇಳಿ ಬಂದಿದ್ದೇನೆ. ಬಂದವರು ತೆಗೆದುಕೊಳ್ಳಲಿ. ಬೂಟೂ ಇದೆ, 38ರ ಅಳತೆ. ಅದನ್ನು ಹಾಕಿಕೊಳ್ಳುವ ಮೊದಲು ಸೋಲ್ ಬದಲಾಯಿಸಿಕೊಳ್ಳಿ, ಮಂಜಿನ ಮೇಲೆ ಜಾರುತ್ತದೆ.